ಘಟ್ಟದ ಕಾಡಲ್ಲಿ ಸೋಲುವ 5ಜಿ ಅಲೆ

ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟು ದಡ ಮುಟ್ಟುವ ಮೊದಲೇ ಬಂಗಡೆಯ ದರದ ಮಾತು ಫೋನಿನಲ್ಲಿ ಶುರುವಾಗಿರುತ್ತದೆ. ಈ ಮಾತಿಗೆ ಎಷ್ಟು ಬೆಲೆಯಿದೆ? ಪಕ್ಕದ ಕೇರಳದಲ್ಲಿ ಅದನ್ನು ಅಳೆದು ನೋಡಿದ್ದಾರೆ. 1997ರಿಂದ 2001ರವರೆಗೆ ಉತ್ತರ ಕೇರಳದ ಕರಾವಳಿಗೆ ಮೊಬೈಲ್ ಹಂತಹಂತವಾಗಿ ಬಂತು. ಅದಕ್ಕೂ ಮೊದಲು ಒಂದು ದಡದಲ್ಲಿ ಕೊಳ್ಳುವವರಿಲ್ಲದೆ ತಾರ್ಲಿ ಮೀನು ಎಸೆಯುತ್ತಿದ್ದರು, ಅದೇ ಬೆಳಗ್ಗೆ ಸ್ವಲ್ಪ ದೂರದ ದಡದಲ್ಲಿ ಮೀನೇ ಸಿಗುತ್ತಿರಲಿಲ್ಲ. ಫೋನ್ ಬಂದ ಮೇಲೆ ಸಮುದ್ರದಿಂದಲೇ ದರ ಕೇಳಿ ದೋಣಿ ತಿರುಗಿಸತೊಡಗಿದರು. ಮೀನುಗಾರರ ಲಾಭ ಸುಮಾರು ಶೇ. 8 ಏರಿತು, ಗಿರಾಕಿಗೆ ದರ ಶೇ. 4 ಇಳಿಯಿತು ಎಂದು ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ 2007ರಲ್ಲಿ ಲೆಕ್ಕ ಕೊಟ್ಟರು. ಮೀನು ಎಸೆಯುವುದು ಹೆಚ್ಚುಕಡಿಮೆ ನಿಂತೇಹೋಯಿತು. ನೆನಪಿಡಿ, ಅದು ಬರೀ ಮಾತಾಡುವ ಫೋನು!

ಭಾರತದಲ್ಲಿ 5ಜಿ ಶುರುವಾಗಿದ್ದು 2022ರ ಅಕ್ಟೋಬರ್ 1ರಂದು. ಎಲ್ಲರೂ ವೇಗದ ಬಗ್ಗೆಯೇ ಮಾತಾಡುತ್ತಾರೆ. ಕೈಗಾರಿಕೆಗೆ ಅದಕ್ಕಿಂತ ಜಾಸ್ತಿ ಬೇಕಿರುವುದು ಬೇರೆ ಎರಡು ಗುಣ: ಒಂದು ಚದರ ಕಿಲೋಮೀಟರಿನಲ್ಲಿ 10 ಲಕ್ಷ ಉಪಕರಣಗಳನ್ನು ಜೋಡಿಸುವ ಶಕ್ತಿ, ಮತ್ತು ಕೆಲವೇ ಮಿಲಿಸೆಕೆಂಡಿನಲ್ಲಿ ಉತ್ತರ. ಚೀನಾದ ಕೆಲವು ಬಂದರುಗಳಲ್ಲಿ ಕ್ರೇನ್ ನಡೆಸುವವರು ಈಗ ದೂರದ ಕೋಣೆಯಲ್ಲಿ ಕೂತಿರುತ್ತಾರೆ. ಕಣ್ಣಮುಂದಿನ ಚಿತ್ರ ಅರೆಕ್ಷಣ ತಡವಾದರೂ ಆ ಕೆಲಸ ಆಗುವುದಿಲ್ಲ.

ಆದರೆ ದೇವಿಮನೆ ಘಟ್ಟ ಹತ್ತಿ ಶಿರಸಿಯ ಕಡೆ ಹೊರಡಿ, ಭೌತಶಾಸ್ತ್ರ ಅಡ್ಡ ಬರುತ್ತದೆ. 5ಜಿ ಒಂದೇ ಅಲೆ ಅಲ್ಲ, ಬೇರೆಬೇರೆ ಕಂಪನದ (ಹರ್ಟ್ಸ್ ಅದರ ಅಳತೆ) ರೇಡಿಯೊ ಅಲೆಗಳಲ್ಲಿ ಸಾಗುತ್ತದೆ. 700 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 43 ಸೆಂಟಿಮೀಟರ್. 3.5 ಗಿಗಾಹರ್ಟ್ಸ್‌ನದ್ದು 9ಕ್ಕಿಂತ ಕಡಿಮೆ, 26 ಗಿಗಾಹರ್ಟ್ಸ್‌ನದ್ದು ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ. ಅಲೆ ಗಿಡ್ಡವಾದಷ್ಟೂ ಹೆಚ್ಚು ಡೇಟಾ ಸಾಗಿಸಲು ಜಾಗ ಸಿಗುತ್ತದೆ, ಆದರೆ ಎಲೆ, ಅದರಲ್ಲೂ ಮಳೆಯಲ್ಲಿ ನೆನೆದ ಎಲೆ, ಅದನ್ನು ಬೇಗ ನುಂಗಿಬಿಡುತ್ತದೆ. ಉದ್ದ ಅಲೆ ಗುಡ್ಡದ ಅಂಚಿನಲ್ಲಿ ಒಂದಿಷ್ಟು ಬಾಗಿ ಕೆಳಗೂ ಇಳಿಯುತ್ತದೆ. ನಮ್ಮ ಅಡಿಕೆ ತೋಟಗಳು ಇರುವುದೇ ಕಣಿವೆಯ ತಳದಲ್ಲಿ, ಅಲ್ವಾ? ಬೆಂಗಳೂರಿನಲ್ಲಿ ಮಿಂಚುವ 5ಜಿ ಇಲ್ಲಿ ಸುಮ್ನೆ ಹೆಸರಿಗೆ ಉಳಿದುಬಿಡಬಹುದು.

ಅದಕ್ಕೇ ನನ್ನ ಒತ್ತಾಯ ಇಷ್ಟು: ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಮೊದಲು ಬೇಕಿರುವುದು ಉದ್ದ ಅಲೆಯ ಟವರು, ಅದರ ಬುಡದವರೆಗೂ ಫೈಬರ್ ಕೇಬಲ್. 2022ರ ಜುಲೈನಲ್ಲಿ ಕೇಂದ್ರ ಸರ್ಕಾರ ದೇಶದ 24,680 ಹಳ್ಳಿಗಳಿಗೆ 4ಜಿ ಒಯ್ಯಲು 26,316 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಟವರು ನಿಲ್ಲಿಸಿದರಷ್ಟೇ ಸಾಲದು. ಆಷಾಢದ ಗಾಳಿಗೆ ಮರ ಬಿದ್ದು ಕರೆಂಟು ಹೋದಾಗ ಅದನ್ನು ನಡೆಸುವ ಬ್ಯಾಟರಿ, ಡೀಸೆಲ್‌ಗೂ ದುಡ್ಡು ಇಡಬೇಕು.