ತೋಳೇರಿಸಿದ ಹೆಂಗಸಿನ ಪೋಸ್ಟರ್: ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಉತ್ತರ

ಪ್ರಶ್ನೆ: ತಲೆಗೆ ಕೆಂಪು ವಸ್ತ್ರ ಕಟ್ಟಿ ಮುಷ್ಟಿ ಹಿಡಿದ ಅಮೆರಿಕದ ಹೆಂಗಸಿನ ಪೋಸ್ಟರ್ ನೋಡಿಯೇ ಎರಡನೇ ಮಹಾಯುದ್ಧದಲ್ಲಿ ಲಕ್ಷಾಂತರ ಹೆಂಗಸರು ಫ್ಯಾಕ್ಟರಿ ಸೇರಿದರಂತೆ, ಹೌದೇ? (ಕೋಲಾರದ ಓದುಗರು)

ಉತ್ತರ: ಅಲ್ಲ. ಮಾರ್ಚ್ 8 ಹತ್ತಿರವಾದಂತೆ ಈ ಪ್ರಶ್ನೆ ಬಂದೇ ಬರುತ್ತದೆ. ನರಸಾಪುರದ ಫ್ಯಾಕ್ಟರಿಯಿರಲಿ, ತುಮಕೂರಿನ ಕಾಲೇಜಿರಲಿ, ಮಹಿಳಾ ದಿನದ ಬ್ಯಾನರಿಗೆ ಅದೇ ಚಿತ್ರ, ಕೆಳಗೆ ಅದೇ ತಪ್ಪು ಸಾಲು. ಚಿತ್ರ ಹಾಕಿಕೊಳ್ಳಿ, ಸಾಲು ಮಾತ್ರ ತಿದ್ದಿ.

ಚಿತ್ರ ಬರೆದವರು ಜೆ. ಹೊವಾರ್ಡ್ ಮಿಲ್ಲರ್. ಬರೆಸಿದ್ದು ಸರ್ಕಾರವಲ್ಲ, ವಿದ್ಯುತ್ ಯಂತ್ರಗಳನ್ನು ತಯಾರಿಸುತ್ತಿದ್ದ ವೆಸ್ಟಿಂಗ್‌ಹೌಸ್ ಕಂಪನಿ. ಪೂರ್ತಿ ಪೋಸ್ಟರ್ ಸಿಕ್ಕರೆ ಎಡಗಡೆಯ ಕೆಳಮೂಲೆಯನ್ನು ದೊಡ್ಡದು ಮಾಡಿ ನೋಡಿ: ಫೆಬ್ರವರಿ 15ರಿಂದ 28ರವರೆಗೆ ಅಂಟಿಸಬೇಕೆಂಬ ಸೂಚನೆ ಅಲ್ಲೇ ಅಚ್ಚಾಗಿದೆ. ಕಾಪಿ ಮಾಡುವವರು ಆ ಅಂಚನ್ನೇ ಕತ್ತರಿಸಿಬಿಡುತ್ತಾರೆ, ಎಡವಟ್ಟು ಶುರುವಾಗುವುದೇ ಅಲ್ಲಿ. ವರ್ಷ 1943. ಅಳತೆ 17 × 22 ಅಂಗುಲ, ಪ್ರತಿಗಳು 1,800ಕ್ಕೂ ಕಡಿಮೆ. ಅದೂ ಆ ಕಂಪನಿಯ ಕಾರ್ಖಾನೆಗಳ ಒಳಗೆ, ಎರಡೇ ವಾರ. ಆಗಲೇ ಗೇಟು ದಾಟಿ ಕೆಲಸಕ್ಕೆ ಬಂದವರಿಗಷ್ಟೇ ಕಾಣುವ ಪೋಸ್ಟರು ಮನೆಯಲ್ಲಿದ್ದವರನ್ನು ಹೇಗೆ ಕರೆದೀತು? ಇರುವ ಕೆಲಸಗಾರರು ಚಕ್ಕರ್ ಹೊಡೆಯಬಾರದು, ಮುಷ್ಕರ ಹೂಡಬಾರದು, ಉತ್ಪಾದನೆ ಬೀಳಬಾರದು, ಅದಕ್ಕೆ ಅಂಟಿಸಿದ್ದು. ಇದೇ ಸರಣಿಯ ಇನ್ನೊಂದು ಪೋಸ್ಟರ್, ಕೆಲಸದಲ್ಲಿ ಅನುಮಾನವಿದ್ದರೆ ಸೂಪರ್‌ವೈಸರನ್ನು ಕೇಳಿ ಎನ್ನುತ್ತದೆ. ಅದನ್ನು ಯಾರೂ ಟೀ ಶರ್ಟಿಗೆ ಹಾಕಿಸಿಕೊಂಡಿಲ್ಲ! ಮಿಲ್ಲರ್ ಚಿತ್ರ ಹೆಸರು ಮಾಡಿದ್ದು 1980ರ ದಶಕದಲ್ಲಿ; ‘ರೋಸಿ’ (ಯುದ್ಧಕಾಲದ ಹಾಡೊಂದರ ಫ್ಯಾಕ್ಟರಿ ಹೆಂಗಸು) ಎಂಬ ಹೆಸರೂ ಅದಕ್ಕೆ ಆಮೇಲೆ ಅಂಟಿಕೊಂಡಿದ್ದು.

ಹೆಂಗಸರನ್ನು ನಿಜವಾಗಿ ಕರೆದ ಸರ್ಕಾರಿ ಪೋಸ್ಟರುಗಳು ಬೇರೆ. 1944ರ ಒಂದರಲ್ಲಿ ಹೆಂಗಸೊಬ್ಬಳು ಪತ್ರಗಳನ್ನು ಎದೆಗವಚಿಕೊಂಡಿದ್ದಾಳೆ. ಹಂಬಲಿಸಿದರೆ ಯುದ್ಧಕ್ಕೆ ಹೋದವನು ಬೇಗ ಬರುವುದಿಲ್ಲ, ಯುದ್ಧದ ಕೆಲಸ ಹಿಡಿ ಎನ್ನುತ್ತದೆ ಬರಹ. ಪೋಸ್ಟರಿಗಿಂತ ಸಂಬಳ ಎಳೆದದ್ದೂ ಉಂಟು: ಕಡಿಮೆ ಕೂಲಿಯ ಕೆಲಸ ಬಿಟ್ಟು ಯುದ್ಧದ ಕಾರ್ಖಾನೆಗೆ ಬಂದವರು ಬಹಳ.

ಯಾರೂ ಕೇಳದ ಇನ್ನೊಂದು ವಿಷಯ, ಕೋಲಾರದವರಾದ್ದರಿಂದ ಹೇಳುತ್ತೇನೆ. ಅದೇ 1943ರಲ್ಲಿ ಬ್ರಿಟಿಷ್ ಇಂಡಿಯಾ ಸರ್ಕಾರ ಕಲ್ಲಿದ್ದಲು ಗಣಿಯೊಳಗೆ ಹೆಂಗಸರು ಇಳಿಯಬಾರದೆಂಬ ನಿಷೇಧವನ್ನು ತೆಗೆದುಹಾಕಿತು. ಯುದ್ಧಕ್ಕೆ ಕಲ್ಲಿದ್ದಲು ಸಾಲುತ್ತಿರಲಿಲ್ಲ. ಯುದ್ಧ ಮುಗಿದು 1946ರಲ್ಲಿ ನಿಷೇಧ ಮತ್ತೆ ಬಂತು, 1952ರ ಗಣಿ ಕಾಯ್ದೆಯಲ್ಲೂ ಉಳಿಯಿತು. ತಾಂತ್ರಿಕ, ಮೇಲ್ವಿಚಾರಣೆಯ ಕೆಲಸಕ್ಕೆ ಹೆಂಗಸರು ಗಣಿಯೊಳಗೆ ಇಳಿಯಬಹುದೆಂದು ಸಡಿಲಿಸಿದ್ದು 2019ರಲ್ಲಿ. ಅಷ್ಟು ಹೊತ್ತಿಗೆ ಕೆಜಿಎಫ್ ಗಣಿ ಮುಚ್ಚಿ 18 ವರ್ಷ.