ಕೈನೇಸ್‌ಗಳಿಗೆ ಕಡಿವಾಣ: ಕ್ಯಾನ್ಸರ್‌ನಲ್ಲಿ ಗೆದ್ದ ಉಪಾಯ ಮಿದುಳಿನಲ್ಲಿ ತಡವರಿಸುವುದೇಕೆ?

ಯುರೋಪಿನ ನೆಲ ಅಳಿಲು ಚಳಿಗಾಲವನ್ನು ಬಿಲದೊಳಗೆ ದೀರ್ಘನಿದ್ರೆಯಲ್ಲಿ ಕಳೆಯುತ್ತದೆ. ಹಾಗೆ ನಿದ್ರಿಸುವ ಅಳಿಲಿನ ಮಿದುಳನ್ನು ಪರೀಕ್ಷಿಸಿದ ಸಂಶೋಧಕರು 2003ರಲ್ಲಿ ಒಂದು ಸೋಜಿಗವನ್ನು ವರದಿ ಮಾಡಿದರು. ಅದರ ನರಕೋಶಗಳಲ್ಲಿರುವ ಟಾವ್ ಎಂಬ ಪ್ರೋಟೀನಿನ ಮೇಲೆ, ಆಲ್‌ಝೈಮರ್ ರೋಗಿಯ ಮಿದುಳನ್ನು ನೆನಪಿಸುವಷ್ಟು ದಟ್ಟವಾಗಿ ಫಾಸ್ಫೇಟ್ ಗುಂಪುಗಳು ಅಂಟಿಕೊಂಡಿದ್ದವು. ಆದರೆ ಅಳಿಲು ಎಚ್ಚರಗೊಂಡಾಗ ಅವು ಕಳಚಿಕೊಂಡವು. ನರಕೋಶಗಳು ಎಂದಿನಂತೆ ಕೆಲಸಕ್ಕೆ ತೊಡಗಿದವು.

ಫಾಸ್ಫೇಟನ್ನು ಅಂಟಿಸುವ ಕಿಣ್ವಗಳೇ ಪ್ರೋಟೀನ್ ಕೈನೇಸ್‌ಗಳು, ಕಳಚುವ ಕಿಣ್ವಗಳು ಫಾಸ್ಫಟೇಸ್‌ಗಳು. ‘ಮರೆವಿಗೆ ಕಾರಣವಾದ ಕಿಣ್ವ ಪತ್ತೆ, ಅದನ್ನು ತಡೆದರೆ ರೋಗ ಮಾಯ’ ಎಂಬ ಧಾಟಿಯ ಸುದ್ದಿಗಳನ್ನು ಓದಿದಾಗಲೆಲ್ಲ ನನಗೆ ಈ ಅಳಿಲು ನೆನಪಾಗುತ್ತದೆ. ಅಂಟಿಸುವುದೇ ಅಪರಾಧವಾಗಿದ್ದರೆ ಈ ಪ್ರಾಣಿ ಪ್ರತಿ ವಸಂತದಲ್ಲೂ ಬುದ್ಧಿಭ್ರಮಣೆಯಿಂದಲೇ ಏಳಬೇಕಿತ್ತು. ಕೆಡುವುದು ಅಂಟಿಸುವಿಕೆಗೂ ಕಳಚುವಿಕೆಗೂ ನಡುವಿನ ಸಮತೋಲ.

ಈ ಅಂಟಿಸುವ ಆಟ ಬೆಳಕಿಗೆ ಬಂದದ್ದು 1950ರ ದಶಕದಲ್ಲಿ, ಅದೂ ಸ್ನಾಯುವಿನ ಅಧ್ಯಯನದಿಂದ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ಅವರು ಸ್ನಾಯುವಿನ ಸಕ್ಕರೆ ದಾಸ್ತಾನಾದ ಗ್ಲೈಕೋಜನ್ ಅನ್ನು ಒಡೆಯುವ ಕಿಣ್ವವೊಂದನ್ನು ಸಕ್ರಿಯ ರೂಪದಲ್ಲಿ ಪಡೆಯಲು ಹೊರಟಿದ್ದರು. ಸ್ನಾಯುರಸವನ್ನು ಶೋಧಕ ಕಾಗದದಲ್ಲಿ ಸೋಸಿದರೆ ಸಕ್ರಿಯ ರೂಪ ಸಿಗುತ್ತಿತ್ತು, ಸೋಸದೆ ಯಂತ್ರದಲ್ಲಿ ತಿರುಗಿಸಿ ಬೇರ್ಪಡಿಸಿದರೆ ಸಿಗುತ್ತಿರಲಿಲ್ಲ. ಕಾಗದದಲ್ಲಿದ್ದ ಅಲ್ಪ ಕ್ಯಾಲ್ಸಿಯಂ ಇನ್ನೊಂದು ಕಿಣ್ವವನ್ನು ಎಬ್ಬಿಸುತ್ತಿತ್ತು, ಅದು ಮೊದಲನೆಯದಕ್ಕೆ ಫಾಸ್ಫೇಟ್ ಅಂಟಿಸುತ್ತಿತ್ತು. ಕಾಗದದ ಕಲ್ಮಶದ ಬೆನ್ನು ಹಿಡಿದು ಹೋದ ಈ ಇಬ್ಬರಿಗೆ 1992ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಕೆಲವೇ ಪರಮಾಣುಗಳ ಫಾಸ್ಫೇಟ್ ಒಂದು ದೈತ್ಯ ಪ್ರೋಟೀನನ್ನು ಹೇಗೆ ಆಡಿಸುತ್ತದೆ? ಅದು ತನ್ನೊಂದಿಗೆ ಸಾಮಾನ್ಯವಾಗಿ ಎರಡು ಋಣ ವಿದ್ಯುದಾವೇಶಗಳನ್ನು ಹೊತ್ತು ತರುತ್ತದೆ. ನರಕೋಶದ ಒಳಗೆ ಸರಕು ಸಾಗಿಸುವ ಸೂಕ್ಷ್ಮನಾಳಿಕೆಗಳ ಮೈ ಋಣಾವೇಶದ್ದು. ಟಾವ್ ತನ್ನ ಧನಾವೇಶದ ಭಾಗಗಳಿಂದ ಅವನ್ನು ತಬ್ಬಿಕೊಂಡಿರುತ್ತದೆ. ಫಾಸ್ಫೇಟ್ ಬಂದು ಕೂತರೆ, ಎರಡು ಅಯಸ್ಕಾಂತಗಳ ಸಮಾನ ಧ್ರುವಗಳನ್ನು ಎದುರುಬದುರು ತಂದಂತಾಗಿ ಹಿಡಿತ ಸಡಿಲಗೊಳ್ಳುತ್ತದೆ. ಏಣಿಯ ಕಟ್ಟು ಸಡಿಲವಾದಂತೆ ಎನ್ನಿ, ಹಳಿಯ ಕೀಲು ಕಳಚಿದಂತೆ ಎನ್ನಿ. ಆದರೆ ಈ ಹೋಲಿಕೆಗಳು ಅರ್ಧ ಕಥೆಯನ್ನಷ್ಟೇ ಹೇಳುತ್ತವೆ, ಏಕೆಂದರೆ ಕಳಚಿದ ಕೀಲುಗಳು ಒಂದಕ್ಕೊಂದು ಹೆಣೆದುಕೊಂಡು ಗಂಟಾಗುವುದಿಲ್ಲ, ಟಾವ್ ಆಗುತ್ತದೆ. 441 ಅಮೈನೋ ಆಮ್ಲಗಳ ಅದರ ಅತಿ ಉದ್ದದ ರೂಪದಲ್ಲಿ ಫಾಸ್ಫೇಟ್ ಕೂರಬಲ್ಲ ಸ್ಥಾನಗಳೇ ಸುಮಾರು 85 ಇವೆ, ಮತ್ತು ಅವುಗಳ ಮೇಲೆ ಕೈಯಾಡಿಸುವ ಕೈನೇಸ್‌ಗಳು ಹಲವು.

ಮನುಷ್ಯನ ಜೀನುಗಳಲ್ಲಿ ಐನೂರಕ್ಕೂ ಹೆಚ್ಚು ಕೈನೇಸ್‌ಗಳ ವಿವರ ಅಡಗಿದೆ. ಬಹುತೇಕ ಎಲ್ಲವುಗಳಲ್ಲೂ, ಫಾಸ್ಫೇಟನ್ನು ಒದಗಿಸುವ ಎಟಿಪಿ ಅಣು ಬಂದು ಕೂರುವ ಒಂದೇ ಬಗೆಯ ಸೀಳು ಇರುವುದರಿಂದ, ಆ ಸೀಳಿಗೆ ತುರುಕಿದ ಔಷಧ ಬೇಡದ ಕೈನೇಸ್‌ಗಳನ್ನೂ ಕಟ್ಟಿಹಾಕುವ ಭಯ ಸದಾ ಇರುತ್ತದೆ. 2001ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಇಮಾಟಿನಿಬ್, ಏಬಲ್ ಕೈನೇಸಿನ ನಿಷ್ಕ್ರಿಯ ಭಂಗಿಯನ್ನು ಗುರುತಿಸಿ ಹಿಡಿಯುವ ಮೂಲಕ ಒಂದು ಬಗೆಯ ರಕ್ತಕ್ಯಾನ್ಸರಿನ ಚಿಕಿತ್ಸೆಯನ್ನೇ ಬದಲಿಸಿತು. ಆ ಗೆಲುವನ್ನು ಮಿದುಳಿಗೂ ವಿಸ್ತರಿಸಬಹುದೆಂಬ ಉತ್ಸಾಹ ಸಹಜವೇ. ಆದರೆ ಅಲ್ಲಿ ಕೆಟ್ಟ ಕೋಶ ಸಾಯಬೇಕು, ಇಲ್ಲಿ ಬಳಲಿದ ಕೋಶ ಬದುಕಬೇಕು. ಅದೂ ಹಲವು ವರ್ಷಗಳ ಕಾಲ ಔಷಧವನ್ನು ತಾಳಿಕೊಂಡು.

ಅದಕ್ಕೂ ಮೊದಲು ಔಷಧ ಮಿದುಳನ್ನು ತಲುಪಬೇಕು. ಮಿದುಳಿನ ರಕ್ತನಾಳಗಳ ಗೋಡೆ ಬಿಗಿಯಾಗಿದೆ, ಸಾಲದ್ದಕ್ಕೆ ಒಳಹೊಕ್ಕ ಅನ್ಯ ಅಣುಗಳನ್ನು ಹೊರಗೆಸೆಯುವ ಪಂಪುಗಳೂ ಅಲ್ಲಿವೆ. ಇಮಾಟಿನಿಬ್‌ನ ಬಂಧುವಾದ ನಿಲೋಟಿನಿಬ್ ಅನ್ನು ಪಾರ್ಕಿನ್ಸನ್ ರೋಗಿಗಳಲ್ಲಿ ಪರೀಕ್ಷಿಸಿದಾಗ, ಮಿದುಳು-ಬೆನ್ನುಹುರಿಯ ದ್ರವದಲ್ಲಿ ಸಿಕ್ಕ ಅದರ ಪ್ರಮಾಣ ರಕ್ತದಲ್ಲಿದ್ದುದರ ಶೇಕಡಾ ಒಂದಕ್ಕೂ ಕಡಿಮೆ, ಪ್ರಯೋಜನವೂ ಕಾಣಲಿಲ್ಲ. ಟಾವ್‌ಗೆ ಫಾಸ್ಫೇಟ್ ಅಂಟಿಸುವ ಪ್ರಮುಖ ಕಿಣ್ವ ಜಿಎಸ್‌ಕೆ-3 ಅನ್ನು ತಡೆಯುವ ಟೈಡೆಗ್ಲುಸಿಬ್ ಕೂಡ ಆಲ್‌ಝೈಮರ್ ಪ್ರಯೋಗದಲ್ಲಿ ನಿರೀಕ್ಷಿತ ಫಲ ಕೊಡಲಿಲ್ಲ. ವರ್ಷಗಟ್ಟಲೆಯ ಇಂಥ ಪ್ರಯೋಗಗಳೇ ಸೋಲುತ್ತಿರುವಾಗ, ‘ಸ್ಮರಣಶಕ್ತಿ ಮರಳಿಸುವ’ ಪುಡಿಗಳು ಯಾವ ಪರೀಕ್ಷೆಯೂ ಇಲ್ಲದೆ ಮಾರಾಟವಾಗುವುದನ್ನು ಕಂಡರೆ ಕಿರಿಕಿರಿಯಾಗುತ್ತದೆ.

ನನ್ನ ಮಟ್ಟಿಗೆ ಹೆಚ್ಚು ಭರವಸೆ ಮೂಡಿಸುವುದು ಎಲ್‌ಆರ್‌ಆರ್‌ಕೆ2 ಎಂಬ ಕೈನೇಸ್. 2004ರಲ್ಲಿ ಇದರ ಜೀನಿಗೂ ಪಾರ್ಕಿನ್ಸನ್ ರೋಗಕ್ಕೂ ಇರುವ ನಂಟು ಗೊತ್ತಾಯಿತು. ಇದರ 2019ನೇ ಸ್ಥಾನದಲ್ಲಿ ಗ್ಲೈಸೀನ್ ಎಂಬ ಅಮೈನೋ ಆಮ್ಲದ ಬದಲು ಸೆರೀನ್ ಬಂದರೆ ಕಿಣ್ವ ಮಿತಿಮೀರಿ ದುಡಿಯುತ್ತದೆ, ಆದ್ದರಿಂದ ಅದನ್ನು ತಗ್ಗಿಸುವುದಕ್ಕೆ ಸ್ಪಷ್ಟ ತರ್ಕವಿದೆ. ತೀರಾ ಅಡಗಿಸಿದರೇನಾಗುತ್ತದೆ? ಪ್ರತಿಬಂಧಕ ಔಷಧ ಪಡೆದ ಕೋತಿಗಳ ಶ್ವಾಸಕೋಶದ ಕೋಶಗಳಲ್ಲಿ ಬದಲಾವಣೆಗಳು ಕಂಡವು, ಔಷಧ ನಿಲ್ಲಿಸಿದಾಗ ಅವು ಸರಿಹೋದವು. ಇದಕ್ಕೆ ನಿಸರ್ಗವೇ ನಡೆಸಿಟ್ಟ ಒಂದು ಪ್ರಯೋಗವೂ ಇದೆ: ಈ ಜೀನಿನ ಎರಡು ಪ್ರತಿಗಳಲ್ಲಿ ಒಂದು ಹುಟ್ಟಿನಿಂದಲೇ ಕೆಟ್ಟಿರುವ ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಪರಿಶೀಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವು, ಆ ಕೊರತೆಗೂ ಯಾವುದೇ ನಿರ್ದಿಷ್ಟ ರೋಗಕ್ಕೂ ಗಟ್ಟಿಯಾದ ನಂಟನ್ನು ಕಾಣಲಿಲ್ಲ. ಅರ್ಧದಷ್ಟು ಎಲ್‌ಆರ್‌ಆರ್‌ಕೆ2 ಇದ್ದರೂ ದೇಹ ಸಾಗಿಸಿಕೊಂಡು ಹೋಗುತ್ತದೆ ಎಂಬುದು ಔಷಧ ತಯಾರಕರಿಗೆ ಸಿಕ್ಕ ಅಮೂಲ್ಯ ಅಳತೆ.

ಅದೇ ಪಾರ್ಕಿನ್ಸನ್‌ನಲ್ಲಿ ಪಿಂಕ್1 ಎಂಬ ಇನ್ನೊಂದು ಕೈನೇಸ್ ತದ್ವಿರುದ್ಧ ಪಾಠ ಹೇಳುತ್ತದೆ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳಲ್ಲಿ ಹಾಳಾದವನ್ನು ಗುರುತು ಮಾಡಿ ವಿಲೇವಾರಿಗೆ ಕಳುಹಿಸುವುದು ಅದರ ಕೆಲಸ. ಅದರ ಜೀನಿನ ಎರಡೂ ಪ್ರತಿಗಳು ಕೆಟ್ಟವರಿಗೆ ಎಳೆಯ ವಯಸ್ಸಿನಲ್ಲೇ ಪಾರ್ಕಿನ್ಸನ್ ಬರುತ್ತದೆ. ಇಲ್ಲಿ ಬೇಕಿರುವುದು ಕೈನೇಸನ್ನು ತಡೆಯುವ ಔಷಧವಲ್ಲ, ಎಬ್ಬಿಸುವ ಔಷಧ. ಸೀಳಿಗೆ ಬೆಣೆ ಹೊಡೆಯುವುದಕ್ಕಿಂತ ಇದು ಬಹಳ ಕಷ್ಟದ ಕೆಲಸ.