ಕೆಟಲ್ ತಳದಲ್ಲಿ ಕೂತ ಸುಣ್ಣದಕಲ್ಲು

ಕೆಟಲ್ ತಳದ ಬಿಳಿ ಪದರ ತೆಗೆಯಲು ವಿನಿಗರ್‌ಗೆ ಅಡುಗೆ ಸೋಡಾ ಬೆರೆಸಿ ಹಾಕಿ ಎನ್ನುವ ಸಲಹೆ ಎಲ್ಲೆಲ್ಲೂ ಓಡಾಡುತ್ತಿದೆ. ದಯವಿಟ್ಟು ಹಾಗೆ ಮಾಡಬೇಡಿ. ನೊರೆ ಬುಸ್ ಎಂದು ಉಕ್ಕುತ್ತದೆ, ನಿಜ. ಆದರೆ ಆ ನೊರೆಯಲ್ಲೇ ವಿನಿಗರ್‌ನ ಹುಳಿ ಖರ್ಚಾಗಿ ಹೋಗುತ್ತದೆ. ಪದರದ ಸರದಿ ಬರುವ ಹೊತ್ತಿಗೆ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರಿನಂಥದ್ದೇ. ಎರಡು ಒಳ್ಳೆಯ ವಸ್ತು ಸುಮ್ನೆ ದಂಡ.

ಆ ಪದರ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಅಂದರೆ ಸುಣ್ಣದಕಲ್ಲು. ಮೊಟ್ಟೆಯ ಚಿಪ್ಪೂ ಅದೇ.

ಕಲ್ಲು ನೀರಿಗೆ ಬಂದದ್ದು ಹೇಗೆ? ಬರಿಯ ನೀರಿಗೆ ಅದನ್ನು ಕರಗಿಸುವ ಶಕ್ತಿ ತೀರಾ ಕಡಿಮೆ. ಮಳೆನೀರು ಮಣ್ಣಿನೊಳಗೆ ಇಳಿಯುವಾಗ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಹುಳಿಯಾಗುತ್ತದೆ. ಆಗ ಕಲ್ಲು ಬೈಕಾರ್ಬೊನೇಟ್ ಆಗಿ ಕರಗುತ್ತದೆ. ಜಾತ್ರೆಯಲ್ಲಿ ಮಗುವನ್ನು ಹೆಗಲ ಮೇಲೆ ಹೊತ್ತವರ ಹಾಗೆ ಈ ಅನಿಲ ಕಲ್ಲನ್ನು ಹೊತ್ತಿರುತ್ತದೆ. ಬಿಸಿ ಮಾಡಿದಿರೋ, ಅನಿಲ ಹಾರಿಹೋಗುತ್ತದೆ. ಹೊತ್ತವರೇ ಹೋದ ಮೇಲೆ ಮಗು ಕೆಳಗಿಳಿಯಲೇಬೇಕಲ್ವಾ? ಗುಹೆಯ ಚಾವಣಿಯಿಂದ ಕಲ್ಲಿನ ಕಡ್ಡಿಗಳು ಇಳಿಬೀಳುವುದೂ ಹೀಗೇ, ನೀರಿನಿಂದ ಅನಿಲ ಮೆಲ್ಲಗೆ ಹೊರಟುಹೋದಾಗ. ಅಲ್ಲಿ ಸಾವಿರಾರು ವರ್ಷ ಹಿಡಿಯುವ ಕೆಲಸದ ಪುಟ್ಟ ರೂಪ ಕೆಟಲ್‌ನಲ್ಲಿ ಕೆಲವೇ ನಿಮಿಷದಲ್ಲಿ ನಡೆಯುತ್ತದೆ. ನನಗಂತೂ ಇದು ಎಷ್ಟು ಸಲ ಯೋಚಿಸಿದರೂ ಹಳತಾಗದ ಬೆರಗು.

ಸುಣ್ಣದಕಲ್ಲಿನಲ್ಲಿ ಇದೇ ಅನಿಲ ಸೆರೆಯಾಗಿದೆ ಎಂದು ತೋರಿಸಿದವರು ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಜೋಸೆಫ್ ಬ್ಲ್ಯಾಕ್. 1756ರಲ್ಲಿ ಪ್ರಕಟವಾದ ಅವರ ಪ್ರಯೋಗಗಳಲ್ಲಿ ಹುಳಿ ತಾಗಿದಾಗ, ಚೆನ್ನಾಗಿ ಕಾಯಿಸಿದಾಗ ಆ ಅನಿಲ ಹೊರಬಂತು. ತೂಕ ಹಾಕಿ ಹಾಕಿ ಅದನ್ನು ಹಿಡಿದರು.

ಹಾಗಾಗಿ ಬೇಕಾದದ್ದು ಹುಳಿ ಮಾತ್ರ. ವಿನಿಗರ್ ಮತ್ತು ನೀರು ಸಮಸಮ ಬೆರೆಸಿ, ಬೆಚ್ಚಗೆ ಮಾಡಿ, ಅರ್ಧ ಗಂಟೆ ಬಿಡಿ. ಕೆರೆಯುವ ಅಗತ್ಯವಿಲ್ಲ. ಸಿಟ್ರಿಕ್ ಆಮ್ಲದ ಪುಡಿಯಾದರೆ ವಾಸನೆಯೂ ಇಲ್ಲ. ಆದರೆ ಅದನ್ನು ಕುದಿಸಬೇಡಿ. ಈ ಆಮ್ಲ ಪದರದ ಜೊತೆ ಸೇರಿ ಆಗುವ ಕ್ಯಾಲ್ಸಿಯಂ ಸಿಟ್ರೇಟ್ ಬಿಸಿ ನೀರಿನಲ್ಲಿ ಇನ್ನೂ ಕಡಿಮೆ ಕರಗುತ್ತದೆ, ಮತ್ತೆ ಬಿಳಿ ಪುಡಿಯಾಗಿ ತಳ ಸೇರಬಹುದು. ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಳಿಯನ್ನು ಜಾಸ್ತಿ ಹೊತ್ತು ಬಿಡಬೇಡಿ, ಲೋಹವನ್ನೇ ತಿನ್ನುತ್ತದೆ.

ಪದರ ಕಂಡು ಆರೋಗ್ಯದ ಚಿಂತೆ ಬೇಡ. ಕುಡಿಯುವ ನೀರಿನ ಗಡಸುತನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯದ ಕಾರಣಕ್ಕೆ ಮಿತಿಯನ್ನೇ ಇಟ್ಟಿಲ್ಲ.

ಹುಳಿ ಹಾಕಿದ ಮೇಲೆ ಪದರದಿಂದ ಏಳುವ ಸಣ್ಣ ಗುಳ್ಳೆಗಳನ್ನು ಗಮನಿಸಿ. ಬ್ಲ್ಯಾಕ್ ಹಿಡಿದ ಅನಿಲ ಅದೇ. ಪದರ ಇನ್ನೂ ಇದ್ದು ಗುಳ್ಳೆ ನಿಂತರೆ ಹುಳಿ ಮುಗಿದಿರಬಹುದು. ಚೆಲ್ಲಿ, ಹೊಸದಾಗಿ ಹಾಕಿ ನೋಡಿ. ಆಗಲೂ ಗುಳ್ಳೆ ಏಳದಿದ್ದರೆ ಅಲ್ಲಿರುವುದು ಕ್ಯಾಲ್ಸಿಯಂ ಸಲ್ಫೇಟ್‌ನಂಥ ಬೇರೆ ಲವಣ ಇರಬಹುದು. ಅದು ವಿನಿಗರ್‌ಗೆ ಜಗ್ಗುವುದಿಲ್ಲ.